ಹಳ್ಳದ ಮರಳಿನಲ್ಲಿ ಚಿನ್ನ ಜಾಲಿಸುವುದು ಹೇಗೆ: ಆಸ್ಟ್ರೇಲಿಯಾಕ್ಕೆ ಹೊರಟವರಿಗೆ

ಮಕ್ಕಳನ್ನು ನೋಡಲು ಮೆಲ್ಬರ್ನ್‌ಗೆ ಬರುವ ತಂದೆತಾಯಿಯರನ್ನೂ ರಜೆಗೆಂದು ಬರುವ ಗೆಳೆಯರನ್ನೂ ವಿಕ್ಟೋರಿಯಾ ರಾಜ್ಯದ ಚಿನ್ನದ ಸೀಮೆಗೆ ಕರೆದುಕೊಂಡು ಹೋಗುವ ಅಭ್ಯಾಸವನ್ನು ನಾನು ಹಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಅವರಲ್ಲಿ ಬಹುಪಾಲು ಜನ ಎಡವುವುದು ಒಂದೇ ಕಡೆ. ಜಾಗ ಹುಡುಕುವುದನ್ನು ಬೇಗ ಕಲಿಯುತ್ತಾರೆ, ಅಗೆಯುವುದಕ್ಕೂ ಬೇಸರಿಸುವುದಿಲ್ಲ. ಆದರೆ ಮರಳು ತೊಳೆಯುವ ಅಗಲ ತಟ್ಟೆಯ, ಅಂದರೆ ಪ್ಯಾನಿನ, ತಳದಲ್ಲಿ ಎರಡು ಚಮಚದಷ್ಟು ಕಪ್ಪು ಮರಳು ಉಳಿದಾಗ, ಇನ್ನೇನು ಮುಗಿಯಿತೆಂದು ಜೋರಾಗಿ ಒಂದು ಸಲ ಕುಲುಕಿಬಿಡುತ್ತಾರೆ. ಬೆಳಗಿನಿಂದ ಮಂಡಿಯೂರಿ ತೊಳೆದದ್ದೆಲ್ಲ ಆ ಒಂದು ಕುಲುಕಿಗೆ ಹಳ್ಳದ ಪಾಲಾಗುತ್ತದೆ. ಈ ಲೇಖನವನ್ನು ಬರೆಯುತ್ತಿರುವುದು ಮುಖ್ಯವಾಗಿ ಆ ಎರಡು ಚಮಚ ಮರಳಿಗಾಗಿ.

ಮೊದಲು ಪರವಾನಗಿ. ವಿಕ್ಟೋರಿಯಾದಲ್ಲಿ ಚಿನ್ನ ಹುಡುಕಲು ‘ಮೈನರ್ಸ್ ರೈಟ್’ ಎಂಬ ಹಕ್ಕುಪತ್ರ ಬೇಕೇ ಬೇಕು. ಅದನ್ನು ಸರ್ಕಾರದ ಜಾಲತಾಣದಲ್ಲಿ ಪಡೆಯಬಹುದು, ಹತ್ತು ವರ್ಷ ನಡೆಯುತ್ತದೆ, ಪ್ರವಾಸಿಗರಿಗೂ ಸಿಗುತ್ತದೆ, ಒಬ್ಬರ ಹೋಟೆಲ್ ಊಟದಷ್ಟು ಶುಲ್ಕ. ಈ ಪತ್ರಕ್ಕೆ ರಕ್ತದ ಚರಿತ್ರೆಯಿದೆ. ತಿಂಗಳು ತಿಂಗಳು ಲೈಸೆನ್ಸ್ ಹಣ ಕಟ್ಟಲಾರದ ಗಣಿಗಾರರು 1854ರ ಡಿಸೆಂಬರ್ 3ರಂದು ಬ್ಯಾಲರಾಟ್‌ನ ಯುರೇಕಾದಲ್ಲಿ ಸೈನಿಕರನ್ನು ಎದುರಿಸಿ ಪ್ರಾಣ ಕೊಟ್ಟ ಮೇಲೆ, 1855ರಲ್ಲಿ ಹಳೆಯ ಲೈಸೆನ್ಸನ್ನು ತೆಗೆದು ಇದನ್ನು ಜಾರಿಗೆ ತಂದರು. ಈ ಪತ್ರವಿದ್ದರೆ ನಿಮಗೆ ಸಿಕ್ಕ ಚಿನ್ನ ನಿಮ್ಮದೇ. ಆದರೆ ಎಲ್ಲೆಂದರಲ್ಲಿ ಅಗೆಯಬಹುದೆಂದು ತಿಳಿಯಬಾರದು. ಖಾಸಗಿ ಜಮೀನಿನಲ್ಲಿ ಒಡೆಯರ ಒಪ್ಪಿಗೆ ಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ಗುರುತಿಸಿದ ಭಾಗಗಳನ್ನು ಬಿಟ್ಟು ಉಳಿದೆಡೆ ನಿಷೇಧವಿದೆ. ಕೆಲವು ನದಿ ತೊರೆಗಳನ್ನು ಪೂರ್ತಿಯಾಗಿ ಹೊರಗಿಡಲಾಗಿದೆ. ಮೂಲನಿವಾಸಿಗಳ ಪರಂಪರೆಯ ತಾಣಗಳನ್ನೂ ಹಳೆಯ ಗಣಿಗಳ ಅವಶೇಷಗಳನ್ನೂ ಮುಟ್ಟುವಂತಿಲ್ಲ. ಸರ್ಕಾರದ ‘ಜಿಯೋವಿಕ್’ ನಕ್ಷೆಯಲ್ಲಿ ಜಾಗವನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಹಳ್ಳದ ದಂಡೆಯಲ್ಲಿ ನಿಂತು ನೋಡೋಣವೆಂದರೆ ಅಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ.

ಸಲಕರಣೆಗಳು ಹೆಚ್ಚಿಲ್ಲ: 14 ಅಂಗುಲದ ಪ್ಲಾಸ್ಟಿಕ್ ಪ್ಯಾನ್, ಅದರ ಮೇಲೆ ಕೂರುವ ಜರಡಿ, ಸಣ್ಣ ಸಲಿಕೆ, ಬಂಡೆಯ ಬಿರುಕನ್ನು ಕೆದಕಲು ಹಳೆಯ ಸ್ಕ್ರೂಡ್ರೈವರ್, ಚಿನ್ನವನ್ನು ಹೀರಿಕೊಳ್ಳಲು ಮೂತಿಯಲ್ಲಿ ಸಣ್ಣ ಕೊಳವೆಯಿರುವ ಮೆತ್ತನೆಯ ಬಾಟಲಿ, ಮುಚ್ಚಳವಿರುವ ಗಾಜಿನ ಸೀಸೆ. ಪ್ಯಾನ್ ಹಸಿರು ಅಥವಾ ಕಡು ನೀಲಿ ಬಣ್ಣದ್ದಾಗಿರಲಿ, ಒಂದು ಬದಿಯಲ್ಲಿ ಮೆಟ್ಟಿಲಿನಂಥ ಏಣುಗಳಿರಲಿ. ಉಕ್ಕಿನ ಪ್ಯಾನ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ತುಕ್ಕು ಹಿಡಿಯುತ್ತದೆ, ಆಯಸ್ಕಾಂತ ಬಳಸಲು ಬಿಡುವುದಿಲ್ಲ, ಸಣ್ಣ ಕಣವನ್ನು ಎತ್ತಿ ತೋರಿಸುವುದಿಲ್ಲ. ಅದನ್ನು ಕೊಳ್ಳಬೇಡಿ. ನೂರು ಮೀಟರ್ ದೂರದ ಚಿನ್ನವನ್ನು ತೋರಿಸುತ್ತೇವೆಂದು ಎರಡು ಕಡ್ಡಿಗಳನ್ನು ಮುಂದಕ್ಕೆ ಚಾಚಿದ ಯಂತ್ರಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಅವು ನೇರವಾದ ಮೋಸ. ಅಂಥದ್ದನ್ನು ಮಾಡಬಲ್ಲ ಯಂತ್ರ ಯಾವುದೂ ಇಲ್ಲ.

ಇನ್ನು ಜಾಗ. ಚಿನ್ನದ ಸಾಂದ್ರತೆ 19.3, ಬೆಣಚುಕಲ್ಲಿನದು 2.65. ಮಳೆಗಾಲದ ಪ್ರವಾಹದಲ್ಲಿ ಮರಳೆಲ್ಲ ಉರುಳಿಹೋಗುವಾಗ ಚಿನ್ನ ಮಾತ್ರ ನೀರಿನ ವೇಗ ತಗ್ಗುವ ಕಡೆ ಇಳಿದು ಕೂರುತ್ತದೆ, ಕೂತ ಮೇಲೆ ಪ್ರತಿ ಅಲುಗಾಟಕ್ಕೂ ಇನ್ನಷ್ಟು ಕೆಳಗೆ ಇಳಿಯುತ್ತದೆ. ಆದ್ದರಿಂದ ಹಳ್ಳ ತಿರುಗುವಲ್ಲಿ ಒಳಬದಿಯನ್ನು, ದೊಡ್ಡ ಬಂಡೆಯ ಹಿಂಬದಿಯನ್ನು, ತಳಬಂಡೆಯ ಬಿರುಕುಗಳನ್ನು, ನೀರಿಗೆ ಇಳಿದ ಹುಲ್ಲಿನ ಬೇರುಗಳನ್ನು ನೋಡಬೇಕು. ಮೇಲಿನ ಸಡಿಲ ಮರಳನ್ನು ಹತ್ತು ಪ್ಯಾನ್ ತೊಳೆಯುವ ಬದಲು ಬಿರುಕಿನೊಳಗಿನ ಒಂದು ಹಿಡಿ ಗಟ್ಟಿ ಮಣ್ಣನ್ನು ಕೆದಕಿ ತೆಗೆದು ತೊಳೆಯುವುದು ಮೇಲು.

ಪ್ಯಾನ್ ಹಿಡಿಯುವ ಬಗೆ

ಹೊಸ ಪ್ಲಾಸ್ಟಿಕ್ ಪ್ಯಾನಿಗೆ ಅಚ್ಚಿನ ಜಿಡ್ಡು ಮೆತ್ತಿರುತ್ತದೆ. ಜಿಡ್ಡಿದ್ದರೆ ಹುಡಿಯಂಥ ಚಿನ್ನ ನೀರಿನ ಮೇಲೆ ತೇಲಿ ಹೊರಟುಹೋಗುತ್ತದೆ. ಅಷ್ಟು ಭಾರದ ಲೋಹ ತೇಲುವುದನ್ನು ಕಣ್ಣಾರೆ ಕಂಡ ಮೇಲೆಯೇ ಜನ ಇದನ್ನು ನಂಬುವುದು. ಪಾತ್ರೆ ತೊಳೆಯುವ ಸೋಪು ಮತ್ತು ಒರಟು ಮರಳು ಹಾಕಿ ಪ್ಯಾನನ್ನು ಮನೆಯಲ್ಲಿಯೇ ಚೆನ್ನಾಗಿ ಉಜ್ಜಿ ತನ್ನಿ. ಇಲ್ಲಿನ ಬಿಸಿಲಿಗೆ ಎಲ್ಲರೂ ಸನ್‌ಸ್ಕ್ರೀನ್ ಹಚ್ಚಿಕೊಳ್ಳಲೇಬೇಕು, ಹಚ್ಚಿದ ಅಂಗೈಯನ್ನೇ ಪ್ಯಾನಿಗೆ ಅದ್ದುತ್ತಾರೆ. ಅದೂ ಜಿಡ್ಡೇ. ಅಂಗೈ ಒಂದನ್ನು ಬಿಟ್ಟು ಹಚ್ಚಿಕೊಳ್ಳಿ.

ಜರಡಿಯಿಟ್ಟು ಮಣ್ಣು ಸುರಿದು, ಮೇಲೆ ಉಳಿದ ಕಲ್ಲುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ ಎಸೆಯಿರಿ. ಪ್ಯಾನ್ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಿರಬಾರದು. ಮೊಣಕಾಲಿನ ಕೆಳಗಿನಷ್ಟು ಆಳದ, ಹೆಚ್ಚು ಹರಿವಿಲ್ಲದ ನೀರಿನಲ್ಲಿ ಅದನ್ನು ಮುಳುಗಿಸಿ, ರಾಗಿ ಮುದ್ದೆಯ ಗಂಟು ಒಡೆಯುವಂತೆ ಜೇಡಿಯ ಪ್ರತಿ ಉಂಡೆಯನ್ನೂ ಬೆರಳುಗಳಿಂದ ಹಿಸುಕಿ ಕರಗಿಸಬೇಕು. ಕರಗದ ಜೇಡಿ ಉಂಡೆ ಉರುಳಿಕೊಂಡು ಹೋಗುವಾಗ ತನಗೆ ಅಂಟಿದ ಚಿನ್ನವನ್ನೂ ಕರೆದೊಯ್ಯುತ್ತದೆ. ಬಸಿದ ನೀರು ತಿಳಿಯಾಗುವವರೆಗೆ ಮುಂದಿನ ಹೆಜ್ಜೆಗೆ ಹೋಗಬೇಡಿ.

ಈಗ ಬರುವುದೇ ಹೆಚ್ಚಿನವರು ಹಾರಿಸಿಬಿಡುವ ಹಂತ. ಪ್ಯಾನನ್ನು ನೀರಿನೊಳಗೆ ಮಟ್ಟಸವಾಗಿ ಹಿಡಿದು, ಸ್ವಲ್ಪವೂ ಓರೆ ಮಾಡದೆ, ಎಡಕ್ಕೂ ಬಲಕ್ಕೂ ಚುರುಕಾಗಿ ಅಲ್ಲಾಡಿಸಬೇಕು. ಇಪ್ಪತ್ತು ಎಣಿಸುವವರೆಗೆ ನಿಲ್ಲಿಸಬಾರದು. ಒಳಗಿನ ಮರಳೆಲ್ಲ ಗಂಜಿಯಂತೆ ಸಡಿಲವಾಗಿ ಓಲಾಡುತ್ತಿರಬೇಕು. ಹಾಗೆ ಸಡಿಲವಾದಾಗ ಮಾತ್ರ ಭಾರದ್ದು ಕೆಳಗಿಳಿಯುತ್ತದೆ. ಚಿನ್ನ ತಳಕ್ಕೆ ಇಳಿಯುವ ಮುಂಚೆಯೇ ಪ್ಯಾನ್ ಓರೆ ಮಾಡಿ ಮರಳು ಚೆಲ್ಲಲು ಆರಂಭಿಸಿದರೆ, ಮೇಲಿನ ಪದರದಲ್ಲಿಯೇ ಇರುವ ಚಿನ್ನವನ್ನು ನಿಮ್ಮ ಕೈಯಾರೆ ಚೆಲ್ಲುತ್ತಿದ್ದೀರಿ ಎಂದರ್ಥ.

ಬಳಿಕ ಏಣುಗಳಿರುವ ಬದಿಯನ್ನು ನಿಮ್ಮಿಂದ ಆಚೆಗೆ ಓರೆಯಾಗಿಸಿ, ಪ್ಯಾನನ್ನು ನೀರಿಗೆ ಅದ್ದಿ ಮೆಲ್ಲಗೆ ಎತ್ತಿ. ನೀರು ಒಳಬಂದು ಹಿಂದಿರುಗುವಾಗ ಮೇಲಿನ ಹಗುರ ಮರಳನ್ನು ತಾನೇ ಸವರಿಕೊಂಡು ಹೋಗುತ್ತದೆ. ನಾಲ್ಕು ಸಲ ಹೀಗೆ ಮಾಡಿದ ಮೇಲೆ ಮತ್ತೆ ಮಟ್ಟಸವಾಗಿ ಹಿಡಿದು ಅಲ್ಲಾಡಿಸಿ, ಮತ್ತೆ ಓರೆ ಮಾಡಿ ಅದ್ದಿ. ಅಲ್ಲಾಡಿಸದೆ ಐದನೆಯ ಸಲ ಅದ್ದಬಾರದು.

ನಮ್ಮ ಅಡುಗೆಮನೆಯವರಿಗೆ ಈ ಕೆಲಸ ಗೊತ್ತಿರುವಂಥದ್ದೇ. ಹಾಸನದ ಕಡೆಯಿಂದ ಮಗನ ಮನೆಗೆ ಬಂದಿದ್ದ ತಾಯಿಯೊಬ್ಬರು ನನ್ನ ವಿವರಣೆಯನ್ನೆಲ್ಲ ಕೇಳಿ, ‘ಇದು ಅಕ್ಕಿ ಜಾಲಿಸಿದ ಹಾಗೇ ಅಲ್ವೇನಪ್ಪಾ’ ಎಂದು ಪ್ಯಾನ್ ಕೈಗೆ ತೆಗೆದುಕೊಂಡರು. ಅಂಗಡಿಯ ಅಕ್ಕಿಯಲ್ಲಿ ಕಲ್ಲು ಬರುತ್ತಿದ್ದ ಕಾಲದಲ್ಲಿ ಪಾತ್ರೆಯನ್ನು ತಿರುಗಿಸಿ ತಿರುಗಿಸಿ ಅಕ್ಕಿಯನ್ನು ನೀರಿನೊಡನೆ ಇನ್ನೊಂದು ಪಾತ್ರೆಗೆ ಬಗ್ಗಿಸಿ, ಕಲ್ಲನ್ನು ತಳದಲ್ಲಿ ಉಳಿಸುತ್ತಿದ್ದ ಕೈ ಅದು. ಅವರ ತೋಳು ಅಲುಗುತ್ತಿರಲಿಲ್ಲ, ಮಣಿಕಟ್ಟು ಮಾತ್ರ ಆಡುತ್ತಿತ್ತು. ಅಲ್ಲಿ ಬಗ್ಗಿಸಿದ್ದು ಬೇಕು, ಇಲ್ಲಿ ಉಳಿದದ್ದು ಬೇಕು. ಉಳಿದಂತೆ ಕೆಲಸ ಒಂದೇ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿಯೇ ಬರೆದಿಟ್ಟಿದ್ದಾರೆ. ನಮಗೆ ಇದು ಹೊರಗಿನ ವಿದ್ಯೆಯಲ್ಲ.

ಎರಡು ಚಮಚ ಕಪ್ಪು ಮರಳು ಉಳಿದಾಗ ಹಳ್ಳದಿಂದ ಎದ್ದು ದಂಡೆಗೆ ಬನ್ನಿ. ಈ ಮರಳು ಹೆಚ್ಚಾಗಿ ಮ್ಯಾಗ್ನೆಟೈಟ್‌ನಂಥ ಕಬ್ಬಿಣದ ಖನಿಜ. ಸಾಂದ್ರತೆ 5ರ ಆಸುಪಾಸು, ಅಂದರೆ ಬೆಣಚುಕಲ್ಲಿನಷ್ಟು ಸುಲಭವಾಗಿ ಚಿನ್ನವನ್ನು ಬಿಟ್ಟುಕೊಡುವುದಿಲ್ಲ. ಪ್ಯಾನಿನಲ್ಲಿ ಅರ್ಧ ಲೋಟ ನೀರು ಮಾತ್ರ ಇರಲಿ, ಒಂದು ತೊಟ್ಟು ಸೋಪಿನ ನೀರು ಬಿಡಿ. ಏಣುಗಳಿಲ್ಲದ ನುಣುಪು ಬದಿಗೆ ಮರಳನ್ನು ತಂದು, ತಳ ಮತ್ತು ಗೋಡೆ ಕೂಡುವ ಮೂಲೆಯಲ್ಲಿ ಗುಡ್ಡೆ ಮಾಡಿ. ನಂತರ ನೀರನ್ನು ಆ ಗುಡ್ಡೆಯ ಮೇಲೆ ಬೀಸಣಿಗೆಯಂತೆ ಹರಡಿ ಹಿಂದಕ್ಕೆ ಎಳೆಯುವಷ್ಟು ಮಾತ್ರ ಪ್ಯಾನನ್ನು ಓಲಾಡಿಸಬೇಕು. ಒಂದೊಂದು ಅಲೆಗೂ ಕಪ್ಪು ಮರಳು ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತದೆ. ಹತ್ತಿಪ್ಪತ್ತು ಅಲೆಗಳಾದ ಮೇಲೆ ಗುಡ್ಡೆಯ ಹಿಂಬದಿಯಲ್ಲಿ ಹಳದಿ ಅಂಚು ಬಿಟ್ಟುಕೊಳ್ಳುತ್ತದೆ, ಸೀರೆಯ ಕಪ್ಪು ಒಡಲಿನ ಕೊನೆಗೆ ಒಂದೆಳೆ ಜರಿ ಕಂಡ ಹಾಗೆ. ಅಲ್ಲಿಗೆ ಓಲಾಡಿಸುವುದನ್ನು ನಿಲ್ಲಿಸಿ, ಬಾಟಲಿಯ ಕೊಳವೆಯನ್ನು ಕಣದ ಪಕ್ಕಕ್ಕಿಟ್ಟು ಹೀರಿಕೊಳ್ಳಿ. ಒದ್ದೆ ಮರಳಿಗೆ ನೇರವಾಗಿ ಆಯಸ್ಕಾಂತ ತೋರಿಸುವ ಅಡ್ಡದಾರಿ ಬೇಡ. ಅಂಟಿ ಬರುವ ಕಪ್ಪು ಗೊಂಚಲಿನ ನಡುವೆ ಚಿನ್ನದ ಹುಡಿಯೂ ಸಿಕ್ಕಿಕೊಂಡು ಬರುತ್ತದೆ. ಮರಳು ಪೂರ್ತಿ ಒಣಗಿದ ಮೇಲೆ, ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಳಸಿದರೆ ತೊಂದರೆಯಿಲ್ಲ. ಪಾದರಸವನ್ನಂತೂ ಯಾರು ಹೇಳಿದರೂ ಬಳಸಬೇಡಿ.

ಕಂಡದ್ದು ಚಿನ್ನವೇ ಎಂಬ ಅನುಮಾನ ಬಂದರೆ ಪ್ಯಾನಿನ ಮೇಲೆ ನಿಮ್ಮ ನೆರಳು ಬೀಳಿಸಿ ನೋಡಿ. ಕಾಗೆಬಂಗಾರ ಬಿಸಿಲಿನಲ್ಲಿ ಮಿನುಗಿ ನೆರಳಿನಲ್ಲಿ ಮಂಕಾಗುತ್ತದೆ; ಚಿನ್ನ ನೆರಳಿನಲ್ಲಿಯೂ ಅದೇ ಹಳದಿ. ಸೂಜಿಯಿಂದ ಒತ್ತಿದರೆ ಚಿನ್ನ ತಗ್ಗು ಬೀಳುತ್ತದೆ, ಚಿನ್ನದಂತೆ ಹೊಳೆಯುವ ಪೈರೈಟ್ ಎಂಬ ಖನಿಜ ಪುಡಿಯಾಗುತ್ತದೆ.

ಹೊರಡುವ ಮುಂಚೆ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಸೀಸದ ಹತ್ತು ಸಣ್ಣ ಗುಂಡುಗಳನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ಒಂದು ಪ್ಯಾನ್ ಮಣ್ಣಿಗೆ ಬೆರೆಸಿ, ದೊಡ್ಡ ಟಬ್ಬಿನ ಮೇಲೆ ತೊಳೆಯಿರಿ. ಮುಗಿದ ಮೇಲೆ ಕೈಯನ್ನೂ ಚೆನ್ನಾಗಿ ತೊಳೆದುಕೊಳ್ಳಿ. ಸೀಸ ಚಿನ್ನಕ್ಕಿಂತ ಹಗುರ, ಆದ್ದರಿಂದ ಹತ್ತಕ್ಕೆ ಹತ್ತೂ ಉಳಿದರೆ ನಿಮ್ಮ ಕೈ ಸಿದ್ಧವಾಗಿದೆ. ಎಂಟು ಉಳಿದರೆ ಮತ್ತೆ ತೊಳೆಯಿರಿ. ಮನೆಯಲ್ಲಿ ಅನುಕೂಲವಿಲ್ಲದಿದ್ದರೆ ಬ್ಯಾಲರಾಟ್‌ನ ಸಾವರಿನ್ ಹಿಲ್ ಬಯಲು ವಸ್ತುಸಂಗ್ರಹಾಲಯದ ತೊರೆಯಲ್ಲಿ ಪ್ರವಾಸಿಗರಿಗೆಂದೇ ಚಿನ್ನ ಬೆರೆಸಿರುತ್ತಾರೆ. ಅಲ್ಲಿ ಅರ್ಧ ದಿನ ಕೈ ಪಳಗಿಸಬಹುದು.

ಮೆಟಲ್ ಡಿಟೆಕ್ಟರ್

1869ರ ಫೆಬ್ರವರಿ 5ರಂದು ಮೊಲಿಯಾಗುಲ್‌ನಲ್ಲಿ ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್ ಅವರಿಗೆ ಸಿಕ್ಕ ‘ವೆಲ್‌ಕಮ್ ಸ್ಟ್ರೇಂಜರ್’ ಗಟ್ಟಿಯಲ್ಲಿ 70 ಕಿಲೋಗೂ ಹೆಚ್ಚು ಚಿನ್ನವಿತ್ತು. ಅದು ಮಣ್ಣಿನ ಮೇಲ್ಮೈಯಿಂದ ಕೆಲವೇ ಸೆಂಟಿಮೀಟರ್ ಕೆಳಗಿತ್ತು. 1980ರಲ್ಲಿ ಕಿಂಗೋವರ್‌ನಲ್ಲಿ 27 ಕಿಲೋ ತೂಗುವ ‘ಹ್ಯಾಂಡ್ ಆಫ್ ಫೇತ್’ ಸಿಕ್ಕಿದ್ದು ಡಿಟೆಕ್ಟರ್‌ನಿಂದ. ಇವನ್ನು ಹೇಳುತ್ತಿರುವುದು ಆಸೆ ಹುಟ್ಟಿಸಲು ಅಲ್ಲ, ಗಟ್ಟಿಗಳು ಬಹಳ ಆಳದಲ್ಲಲ್ಲ, ಮೇಲ್ಮೈಗೆ ಹತ್ತಿರವೂ ಇರಬಹುದು ಎಂಬುದನ್ನು ತಿಳಿಸಲು.

ಕೆಲವು ದಿನಗಳ ಪ್ರವಾಸಕ್ಕೆ ಯಂತ್ರ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ನಾಣ್ಯ ಹುಡುಕುವ ಅಗ್ಗದ ಯಂತ್ರಗಳು ಈ ಸೀಮೆಯ ಕಬ್ಬಿಣ ತುಂಬಿದ ಕೆಂಪು ಮಣ್ಣಿನ ಮೇಲೆ ಸುಮ್ಮನೆ ಅರಚುತ್ತವೆ. ಇಂಥ ಮಣ್ಣಿನಲ್ಲಿಯೂ ಕೆಲಸ ಮಾಡುವ ‘ಪಲ್ಸ್ ಇಂಡಕ್ಷನ್’ ಬಗೆಯ ಯಂತ್ರವನ್ನೇ ಕೇಳಿ ಪಡೆಯಿರಿ. ಒಮ್ಮೆ ನನಗೆ ಅಂಗಡಿಯೊಂದು ಮುರುಕು ಕೇಬಲ್ಲಿನ ಯಂತ್ರ ಕೊಟ್ಟು ಎರಡು ದಿನ ಹಾಳಾದವು. ಅಂದಿನಿಂದ ಅಂಗಡಿಯ ಬಾಗಿಲಲ್ಲಿಯೇ ಅದನ್ನು ನಡೆಸಿ ನೋಡದೆ ಹಣ ಕೊಡುವುದಿಲ್ಲ. ನಮ್ಮವರು ಮರೆಯುವುದು ಮೈಮೇಲಿನ ಲೋಹವನ್ನು: ಬಳೆ, ಉಂಗುರ, ಗಡಿಯಾರಗಳನ್ನು ಕಾರಿನಲ್ಲಿ ತೆಗೆದಿಡಿ. ಲೋಹವಿಲ್ಲದ ನೆಲದ ಮೇಲೆ ಕಾಯಿಲನ್ನು, ಅಂದರೆ ಯಂತ್ರದ ತುದಿಯ ತಟ್ಟೆಯನ್ನು, ಎತ್ತಿ ಇಳಿಸುತ್ತಾ, ಸದ್ದು ಏರಿಳಿಯದಂತಾಗುವವರೆಗೆ ಯಂತ್ರವನ್ನು ಆ ಮಣ್ಣಿಗೆ ಹೊಂದಿಸಿಕೊಳ್ಳಿ; ಇದಕ್ಕೆ ‘ಗ್ರೌಂಡ್ ಬ್ಯಾಲೆನ್ಸ್’ ಎನ್ನುತ್ತಾರೆ. ಆಮೇಲೆ ನೆಲಕ್ಕೆ ಸವರುವಷ್ಟು ತಗ್ಗಿಸಿ, ಹಿಂದಿನ ಬೀಸು ಮುಟ್ಟಿದ ನೆಲದ ಅರ್ಧವನ್ನು ಮತ್ತೆ ಮುಟ್ಟುವಂತೆ ನಿಧಾನವಾಗಿ ಬೀಸಬೇಕು. ಬೀಸಿನ ಎರಡು ತುದಿಗಳಲ್ಲಿ ಕಾಯಿಲನ್ನು ಮೇಲಕ್ಕೆತ್ತುವುದು ಎಲ್ಲರೂ ಮಾಡುವ ತಪ್ಪು.

ಸದ್ದು ಬಂದರೆ ಅಗೆಯಿರಿ. ಬಹುತೇಕ ಸಲ ಮೊಳೆಯೋ ಸೀಸದ ಗುಂಡೋ ಸಿಗುತ್ತದೆ, ಆದರೂ ಪ್ರತಿಯೊಂದನ್ನೂ ಅಗೆಯಿರಿ. ಗುಂಡಿಯೊಳಗಿನ ಸದ್ದು ನಿಂತಿತೆಂದರೆ ವಸ್ತು ಹೊರಗಿನ ಮಣ್ಣಿಗೆ ಬಂದಿದೆ. ಆ ಮಣ್ಣನ್ನು ಪ್ಲಾಸ್ಟಿಕ್ ಮೊಗೆಯಲ್ಲಿ ತುಂಬಿ ಕಾಯಿಲ್ ಮೇಲೆ ಆಡಿಸಿ. ಸದ್ದು ಬಂದರೆ ಅರ್ಧವನ್ನು ಚೆಲ್ಲಿ ಮತ್ತೆ ಆಡಿಸಿ. ಸದ್ದು ಯಾವ ಅರ್ಧದಲ್ಲಿದೆಯೋ ಅದನ್ನು ಮಾತ್ರ ಉಳಿಸುತ್ತಾ ಹೋದರೆ ಕೊನೆಗೆ ಒಂದು ಚಿಟಿಕೆ ಮಣ್ಣು ಉಳಿಯುತ್ತದೆ. ತೆಗೆದ ಗುಂಡಿಯನ್ನು ಅಲ್ಲಿಯೇ, ಆಗಲೇ ಮುಚ್ಚಬೇಕು, ಇದು ಕಾನೂನು.

ಪೊದೆಗಳ ನಡುವೆ ಬೇಲಿಯಿಲ್ಲದ ಹಳೆಯ ಗಣಿಬಾವಿಗಳಿವೆ, ಆದ್ದರಿಂದ ಕಿವಿಗೆ ಹೆಡ್‌ಫೋನ್ ಇದ್ದರೂ ಕಣ್ಣು ಮುಂದಿನ ಹೆಜ್ಜೆಯ ಮೇಲಿರಲಿ. ಬೇಸಿಗೆಯಲ್ಲಿ ಹಾವುಗಳ ಕಾಟವೂ ಕಾಳ್ಗಿಚ್ಚಿನ ಭಯವೂ ಇರುತ್ತದೆ, ಹಳ್ಳಗಳಲ್ಲಿ ನೀರೂ ಬತ್ತಿರುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಕಾಲ ಒಳ್ಳೆಯದು. ಹಳೆಯ ಗಣಿಗಳ ಬಿಳಿಚಿದ ಮರಳುಗುಡ್ಡೆಗಳಲ್ಲಿ ಆರ್ಸೆನಿಕ್ ಇರುವುದರಿಂದ ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ.

ಊರಿಗೆ ಹಿಂದಿರುಗುವಾಗ ಗಮನಿಸಬೇಕಾದದ್ದು ಎರಡು. ಕಾಡಿನಲ್ಲಿ ಸುರಕ್ಷತೆಗೆಂದು ಕೊಂಡ ಸ್ಯಾಟಲೈಟ್ ಸಂದೇಶ ಸಾಧನವನ್ನು ಅನುಮತಿಯಿಲ್ಲದೆ ಭಾರತಕ್ಕೆ ತರುವಂತಿಲ್ಲ. ಅದನ್ನು ಮಕ್ಕಳ ಮನೆಯಲ್ಲಿಯೇ ಬಿಟ್ಟು ಬನ್ನಿ. ಮತ್ತೊಂದು, ಆಭರಣಕ್ಕಿರುವ ಸುಂಕದ ವಿನಾಯಿತಿ ಕಚ್ಚಾ ಚಿನ್ನಕ್ಕೆ ಅನ್ವಯಿಸುವುದಿಲ್ಲ. ಸೀಸೆಯಲ್ಲಿರುವುದು ಅಕ್ಕಿಕಾಳಿನಷ್ಟೇ ಆದರೂ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸುಂಕದ ವಸ್ತು ತಂದವರು ಹೋಗುವ ಕೆಂಪು ದಾರಿಯಲ್ಲಿಯೇ ಹೋಗಿ, ಮೈನರ್ಸ್ ರೈಟ್‌ನ ಪ್ರತಿಯನ್ನು ಸೀಸೆಯ ಜೊತೆಗಿಟ್ಟು ತೋರಿಸಿ.