ಮಳೆ ಪುಸ್ತಕ ಮತ್ತು ಮಂಗಟ್ಟೆಯ ಪೊಟರೆ

ಮೂಡಿಗೆರೆ ಸುತ್ತಿನ ಕಾಫಿ ತೋಟಗಳಲ್ಲಿ ಮಲಬಾರ್ ಬೂದು ಮಂಗಟ್ಟೆಯ (ಹಾರ್ನ್‌ಬಿಲ್) ಗೂಡು ಹುಡುಕುವುದು ನನ್ನ ಮೊದಲ ಕೆಲಸ. ಪಶ್ಚಿಮ ಘಟ್ಟ ಬಿಟ್ಟರೆ ಈ ಹಕ್ಕಿ ಬೇರೆಲ್ಲೂ ಇಲ್ಲ. ತೋಟದ ಹಳೇ ಮರಗಳಲ್ಲೂ ಗೂಡು ಮಾಡುತ್ತದೆ.

ಹವಾಮಾನದ ಬಗ್ಗೆ ಬೆಳೆಗಾರರನ್ನು ಕೇಳುವುದು ಇನ್ನೊಂದು. ಮೊದಮೊದಲು ನಾಲ್ಕು ಪುಟದ ಪ್ರಶ್ನೆಪಟ್ಟಿ ಹಿಡಿದು ಮನೆಮನೆಗೆ ಹೋದೆ. ಹವಾಮಾನ ಬದಲಾಗಿದೆಯಾ ಅಂತ ಕೇಳಿದರೆ ಎಲ್ಲರೂ ಕಾಫಿ ಕೊಟ್ಟು, 'ಮಳೆ ಸರಿಯಿಲ್ಲ' ಅಂದು ಸುಮ್ಮನಾಗುತ್ತಿದ್ದರು. ಒಬ್ಬ ಹಿರಿಯ ಗೌಡರು ಮಾತ್ರ ಎದ್ದುಹೋಗಿ ರಟ್ಟು ಕಿತ್ತ ಪುಸ್ತಕ ತಂದಿಟ್ಟರು. 'ನನ್ನನ್ನೇನು ಕೇಳ್ತೀಯಮ್ಮ, ಇದನ್ನ ನೋಡು.'

ಅವರಪ್ಪನ ಕಾಲದಿಂದ ದಿನಾ ಬೆಳಿಗ್ಗೆ ಅಳೆದು ಬರೆದ ಮಳೆ! ಇಂಚು, ಸೆಂಟು ಲೆಕ್ಕ. 100 ಸೆಂಟಿಗೆ 1 ಇಂಚು. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 'ಹೂಮಳೆ', 'ಹೂ ಅರಳಿತು', 'ಕಣದಲ್ಲಿ ಕಾಫಿ ನೆನೆಯಿತು'. ಗುಡ್ಡ ಕುಸಿದ 2019ರ ಆಗಸ್ಟ್ ಪುಟದಲ್ಲಿ ಶಾಯಿಯೇ ಹರಡಿಹೋಗಿತ್ತು. ಪ್ರಶ್ನೆಪಟ್ಟಿ ಅವತ್ತೇ ಬಿಟ್ಟೆ. ಆಮೇಲೆ ಹೋದಲ್ಲೆಲ್ಲ ಮಳೆ ಪುಸ್ತಕ ಕೇಳಿದೆ.

ಅದನ್ನು ಓದುತ್ತಾ ಬೆಳೆಗಾರರ ಸಂಕಟ ಅರ್ಥವಾಯಿತು. ಕಾಫಿ ಹೂ ಅರಳಿಸುವ ಹೂಮಳೆ ಫೆಬ್ರವರಿ, ಮಾರ್ಚಿನಲ್ಲಿ ಬರಬೇಕು. ಕೊಯ್ಲು ಮುಗಿಯುವ ಮೊದಲೇ ಜನವರಿಯಲ್ಲಿ ಬಂದರೆ ಕಣದ ಕಾಫಿಯೂ ಹಾಳು, ಹಣ್ಣಿರುವ ಗಿಡದಲ್ಲೇ ಹೂವೂ ಬಿಡುತ್ತದೆ. ಕಾಫಿಗೆ ನೆರಳು ಕೊಡುವ ಮರಗಳದೂ ಹೀಗೇ. ಮಳೆಗಾಲದಲ್ಲಿ ನೆರಳು ಜಾಸ್ತಿಯಾದರೆ ಕೊಳೆರೋಗ. ಬಿಸಿಲು ಜಾಸ್ತಿಯಾದರೆ ಅರೇಬಿಕಾ ಕಾಫಿಗೆ ಕಾಂಡಕೊರಕ ಹುಳ. ಮರ ಕಡಿಯಬೇಡಿ ಅಂತ ಹೊರಗಿನಿಂದ ಬಂದ ನಾನು ಹೇಳುವುದು ಸುಲಭ, ಅಲ್ವಾ? ಆದರೂ ಅತ್ತಿ, ಬಸರಿ, ಹಲಸು ತೆಗೆದು ತೋಟವಿಡೀ ಸಿಲ್ವರ್ ಓಕ್ ಮರ ಹಾಕುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುತ್ತದೆ ನಿಜ. ಆದರೆ ಮಂಗಟ್ಟೆಗೆ ತಿನ್ನಲು ಅದರಲ್ಲಿ ಹಣ್ಣಿಲ್ಲ.

ಆ ಬೇಸಿಗೆ ನನ್ನಿಂದ ಒಂದು ತಪ್ಪಾಯಿತು. ಒಂದು ತೋಟದ ನಂದಿ ಮರದಲ್ಲಿ ಗೂಡಿತ್ತು. ಹೆಣ್ಣು ಒಳಗೆ ಕೂತು, ಸೀಳಿನಷ್ಟು ಜಾಗ ಬಿಟ್ಟು ಪೊಟರೆಯ ಬಾಯಿ ಮುಚ್ಚಿಕೊಂಡಿತ್ತು. ಗಂಡು ಗಂಟಲಲ್ಲಿ ಹಣ್ಣು ತುಂಬಿಕೊಂಡು ಬಂದು, ಒಂದೊಂದಾಗಿ ಕೊಕ್ಕಿನ ತುದಿಗೆ ತಂದು ಆ ಸೀಳಿನೊಳಗೆ ಕೊಡುತ್ತಿತ್ತು. ಮಾಲೀಕರಿಗೆ ಹೇಳಿದ್ದೆ. ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಮರಗಸಿಯವರಿಗೆ ಹೇಳಿರಲಿಲ್ಲ. ಏಪ್ರಿಲ್ ಕೊನೆಗೆ ಹೋದಾಗ ಪೊಟರೆ ಇದ್ದ ಕೊಂಬೆ ಕೆಳಗೆ ಬಿದ್ದಿತ್ತು. ಗಂಡು ಪಕ್ಕದ ಮರದಲ್ಲಿ ಕೂತು ಕೂಗುತ್ತಿತ್ತು. ಆ ಕೂಗು ಇವತ್ತಿಗೂ ಮರೆತಿಲ್ಲ.

ಯಾವ ಕೊಂಬೆ ಉಳಿಯಬೇಕು ಅನ್ನುವುದು ಕತ್ತಿ ಹಿಡಿದು ಮೇಲೆ ಹತ್ತಿದವರ ಕೈಯಲ್ಲಿದೆ. ಮುಂದಿನ ವರ್ಷ ಮರಗಸಿಗೆ ಮುಂಚೆ ಅವರ ಜೊತೆಗೇ ತೋಟ ಸುತ್ತಿದೆ. ಗೂಡಿನ ಮರಕ್ಕೆ ಕೆಂಪು ಬಟ್ಟೆ ಕಟ್ಟಿದೆವು. ಮರಿ ಹಾರುವವರೆಗೆ ಅದನ್ನು ಮುಟ್ಟುವುದಿಲ್ಲ ಅಂತ ಮಾತಾಯಿತು. ನನ್ನ ಕಣ್ಣಿಗೆ ಬೀಳದ ಎರಡು ಪೊಟರೆ ಅವರೇ ತೋರಿಸಿದರು.

ಈ ಸಲ ಮಾರ್ಚಿನಲ್ಲಿ ಅವರಲ್ಲೊಬ್ಬರು ಫೋನ್ ಮಾಡಿದರು. 'ಮೇಡಂ, ಹಲಸಿನ ಮರದ ಪೊಟರೆ ಬಾಯಿ ಮುಚ್ಚಿದೆ. ಬಟ್ಟೆ ನಾನೇ ಕಟ್ಟಿದ್ದೀನಿ.'