ಜೋಡಿ ಬಿಟ್ಟರೆ ಕೆಲಸ ಬಿಡುವ ಕಿಣ್ವ: ನಾನು ಅಳೆದ ಬಗೆ

ಮಲೇರಿಯಾ ಪರಾವಲಂಬಿಯ ಟಿಮ್, ಅಂದರೆ ಟ್ರಯೋಸ್‌ಫಾಸ್ಫೇಟ್ ಐಸೋಮರೇಸ್, ಸಕ್ಕರೆ ಒಡೆಯುವ ಹಾದಿಯ ಒಂದು ಕಿಣ್ವ. ಒಂದೇ ಥರದ ಎರಡು ಪ್ರೋಟೀನ್ ಸರಪಳಿ ಸೇರಿ ಇದು ಆಗಿದೆ; ಜೋಡಿ ಬಿಟ್ಟು ಒಂಟಿಯಾದರೆ ಕೆಲಸ ನಿಲ್ಲಿಸುತ್ತದೆ. ಇದನ್ನು ಬರೀ ಬೆಳಕಿನ ಹೀರುವಿಕೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ, ಪ್ರೋಟೀನನ್ನು ಡೈಲ್ಯೂಟ್ ಮಾಡುತ್ತಾ (ತೆಳುವಾದಷ್ಟೂ ಜೋಡಿ ಬಿಡುತ್ತದೆ) ಹೋಗಿ ತೋರಿಸುತ್ತೇನೆ ಅಂದಾಗ ನಮ್ಮ ಲ್ಯಾಬಿನಲ್ಲಿ ಯಾರೂ ನಂಬಲಿಲ್ಲ. ಈಗ ನಂಬಿದ್ದಾರೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಒಂದೊಂದು ಸರಪಳಿಯೂ ಬ್ಯಾರೆಲ್ ಆಕಾರದಲ್ಲಿ ಮಡಚಿಕೊಂಡಿದೆ: ಒಳಗೆ ಎಂಟು ಎಳೆ, ಹೊರಗೆ ಎಂಟು ಸುರುಳಿ (ಹೀಲಿಕ್ಸ್). ಕೋಳಿ ಟಿಮ್‌ನ ರಚನೆ 1975ರಲ್ಲೇ ಆಕ್ಸ್‌ಫರ್ಡ್‌ನಿಂದ ಬಂತು. ಪರಾವಲಂಬಿಯದು 1997ರಲ್ಲಿ ನಮ್ಮ ಬೆಂಗಳೂರಿನಿಂದಲೇ ಬಂತು. ಎಂ.ಆರ್.ಎನ್. ಮೂರ್ತಿ, ಪಿ. ಬಲರಾಮ್, ಹೇಮಲತಾ ಬಲರಾಮ್ ಅವರ ಕಡೆಯ ಕೆಲಸ ಅದು. ಕೆಲಸ ಮಾಡುವ ಮೂವರು ಅಮೈನೋ ಆಮ್ಲಗಳು (ಅಂಕಿ ಅಂದರೆ ಸರಪಳಿಯಲ್ಲಿ ಅವುಗಳ ಸ್ಥಾನ), ಲೈಸಿನ್ 12, ಹಿಸ್ಟಿಡಿನ್ 95, ಗ್ಲುಟಮೇಟ್ 165, ಮೂವರೂ ಒಂದೇ ಸರಪಳಿಯಲ್ಲಿದ್ದಾರೆ. ಹಾಗಿದ್ದರೆ ಪಕ್ಕದ ಸರಪಳಿ ಯಾಕೆ ಬೇಕು? ನನ್ನನ್ನು ಹಿಡಿದ ಪ್ರಶ್ನೆ ಇದೇ. ಉತ್ತರ, ಎಳೆ ಮತ್ತು ಹೀಲಿಕ್ಸ್ ಕೂಡಿಸುವ ಬಾಗುಗಳಲ್ಲಿ ಒಂದಾದ ಮೂರನೇ ಲೂಪ್‌ನಲ್ಲಿದೆ. ಅದು ಚಿಲಕದ ಹಾಗೆ ಪಕ್ಕದವನ ಮೈಯೊಳಗೆ ತೂರಿಕೊಂಡು, ಅಲ್ಲಿನ ಲೈಸಿನ್ 12 ಇರುವ ಜಾಗವನ್ನು ಅಲುಗಾಡದಂತೆ ಹಿಡಿಯುತ್ತದೆ. ಲೂಪ್‌ನ ತುದಿಯ ಟೈರೋಸಿನ್ 74 ಪಕ್ಕದವನ ಸಿಸ್ಟೀನ್ 13ರ ಬಳಿಯ ಗುಳಿಯಲ್ಲಿ ಕೂರುತ್ತದೆ. ಪ್ರೋಟೀನ್ ರಚನೆಯ ವಿಜ್ಞಾನಿ ವೀರೆಂಗಾ ಅವರ ಗುಂಪು ಟ್ರಿಪನೊಸೋಮ ಅನ್ನುವ ಇನ್ನೊಂದು ಪರಾವಲಂಬಿಯ ಟಿಮ್‌ನಲ್ಲಿ ಈ ಲೂಪನ್ನೇ ಮೊಟಕು ಮಾಡಿ ಒಂಟಿ ಟಿಮ್ ಮಾಡಿತ್ತು. ವೇಗ ಸಾವಿರ ಪಟ್ಟಿನ ಆಸುಪಾಸು ಬಿದ್ದುಹೋಯಿತು. ಮಲೇರಿಯಾದ ಟಿಮ್‌ನಲ್ಲಿ 74ನ್ನು ಗ್ಲೈಸಿನ್ ಮಾಡಿದರೆ ಡೈಮರ್ (ಎರಡರ ಜೋಡಿ) ಸಡಿಲವಾಗುತ್ತದೆ ಅಂತ ಬೆಂಗಳೂರಿನವರೂ ತೋರಿಸಿದ್ದರು. ನನಗೆ ಲೂಪ್ ಪೂರ್ತಿ ಇರಬೇಕು, ಹಿಡಿತ ಮಾತ್ರ ಸ್ವಲ್ಪ ಸಡಿಲಾಗಬೇಕು. ಅದಕ್ಕೆ 74ನ್ನು ಅಲನಿನ್ ಮಾಡಿದೆ.

ಹೀಗೆ ಬದಲಿಸಿದ ಕಿಣ್ವ, ಅಂದರೆ ಮ್ಯುಟೆಂಟ್, ಮಾಡುವುದು ಸುಲಭ, ಅದಕ್ಕೆ ಬೇಕಾದ ಪುಟ್ಟ ಡಿಎನ್ಎ ತುಣುಕುಗಳ (ಪ್ರೈಮರ್) ಜೋಡಿಗೆ ಸಾವಿರ ರೂಪಾಯಿ ಆಸುಪಾಸು. ಕಷ್ಟ ಎಲ್ಲ ಅಳೆಯುವುದರಲ್ಲಿ. ಮಾಮೂಲಿ, ಅಂದರೆ ಏನೂ ಬದಲಿಸದ, ಟಿಮ್ ಸೆಕೆಂಡಿಗೆ ಹತ್ತಿರ ಹತ್ತಿರ 4,000 ಅಣುಗಳನ್ನು ಬದಲಾಯಿಸುತ್ತದೆ. ಇಷ್ಟು ಚುರುಕಾದ ಕಿಣ್ವದಲ್ಲಿ ಸೋತ ಮ್ಯುಟೆಂಟನ್ನು ಅಳೆಯುವಾಗ ಹೊರಗಿನ ಟಿಮ್ ಒಂದು ಚೂರು ಬೆರೆತರೂ ಸಾಕು, ಲೆಕ್ಕವೆಲ್ಲ ಅದರದ್ದೇ ಆಗುತ್ತದೆ. ಮ್ಯುಟೆಂಟನ್ನು ಮಾಮೂಲಿ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದರೆ ಅದರ ಸ್ವಂತ ಟಿಮ್ ಇದ್ದೇ ಇರುತ್ತದೆ. ಗಾತ್ರವೂ ಒಂದೇ, ಜೆಲ್‌ನಲ್ಲಿ ಗೊತ್ತೇ ಆಗಲ್ಲ. ಹಾಗಾಗಿ ಟಿಮ್ ಜೀನ್ ಇಲ್ಲದ ಎಎ200 ತಳಿ ಬಿಟ್ಟು ಬೇರೆಯದನ್ನು ಮುಟ್ಟಲಿಲ್ಲ. ಅದು ನಿಧಾನ ಬೆಳೆಯುತ್ತದೆ, ಇಳುವರಿ ಕಡಿಮೆ. ಲೀಟರಿಗೆ ಮೂರ್ನಾಲ್ಕು ಮಿಲಿಗ್ರಾಂ ಮ್ಯುಟೆಂಟ್ ಸಿಕ್ಕರೆ ಆ ವಾರ ಚೆನ್ನಾಗಿತ್ತು ಅಂತ ಅರ್ಥ.

ಎರಡನೇ ಕಳ್ಳ ಅಸ್ಸೇ, ಅಂದರೆ ಚಟುವಟಿಕೆ ಅಳೆಯುವ ಪ್ರಯೋಗದ, ಒಳಗೇ ಕೂತಿದ್ದ. ಟಿಮ್ ಮಾಡಿಕೊಟ್ಟದ್ದನ್ನು ಬಳಸುತ್ತಾ ಬೆಳಕು ಹೀರುವ ಎನ್ಎಡಿಎಚ್ ಅನ್ನು ಖರ್ಚು ಮಾಡಲಿ ಅಂತ ಜೊತೆಗೆ ಹಾಕುವ ಇನ್ನೊಂದು ಕಿಣ್ವ, ಗ್ಲಿಸರಾಲ್ ಫಾಸ್ಫೇಟ್ ಡಿಹೈಡ್ರೋಜಿನೇಸ್, ಮೊಲದ ಸ್ನಾಯುವಿನಿಂದ ಬರುತ್ತದೆ, ಅದರಲ್ಲೂ ಟಿಮ್ ಸೇರಿರುತ್ತದೆ. ನನ್ನ ಮ್ಯುಟೆಂಟ್ ಹಾಕುವ ಮೊದಲೇ 340 ನ್ಯಾನೋಮೀಟರ್ ಬೆಳಕಿನಲ್ಲಿ ಗೆರೆ ಇಳಿಯುತ್ತಿತ್ತು. ತುಂಬಾ ದಿನ ಇದಕ್ಕೇ ಹೋಯಿತು. ಕೊನೆಗೆ ಗ್ಲುಟಮೇಟ್ 165ಕ್ಕೆ ಮಾತ್ರ ಕಚ್ಚಿಕೊಳ್ಳುವ ಒಂದು ವಸ್ತುವಿನಿಂದ ಆ ಮೊಲದ ಟಿಮ್ ಅನ್ನು ಮೊದಲೇ ಸಾಯಿಸಿ, ಮಿಕ್ಕದ್ದನ್ನು ತೊಳೆದುಬಿಟ್ಟೆ. ಯಾವ ವಸ್ತು ಅಂತ ಟಿಮ್ ಬಗ್ಗೆ ಕೆಲಸ ಮಾಡಿದ ರಸಾಯನವಿಜ್ಞಾನಿ ನೋಲ್ಸ್ ಅವರ ಹಳೆಯ ಕೆಲಸ ಓದಿದವರಿಗೆ ಹೊಳೆಯುತ್ತದೆ. ಎಷ್ಟು, ಎಷ್ಟು ಹೊತ್ತು ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಮಾತು, ಆ ಡಿಹೈಡ್ರೋಜಿನೇಸ್ ಬರುವುದು ಅಮೋನಿಯಂ ಸಲ್ಫೇಟ್‌ನಲ್ಲಿ. ಸಲ್ಫೇಟ್ ಟಿಮ್ ಅನ್ನು ತಡೆಯುತ್ತದೆ. ಡಯಾಲಿಸಿಸ್ ಮಾಡಿ ಆ ಲವಣ ತೆಗೆಯದೆ ಬಳಸಲೇಬೇಡಿ.

ದುಡ್ಡು ನುಂಗಿದ್ದು ಗ್ಲಿಸರಾಲ್ಡಿಹೈಡ್-3-ಫಾಸ್ಫೇಟ್, ಅಸ್ಸೇಯಲ್ಲಿ ಟಿಮ್ ಬದಲಾಯಿಸುವ ವಸ್ತು. ಬೇರಿಯಂ ಲವಣ ತರಿಸಿ, ಬೇರಿಯಂ ತೆಗೆಯುವ ರಾಳ ಡೋವೆಕ್ಸ್‌ನಲ್ಲಿ ಅಲ್ಲಾಡಿಸಿ, ಕುದಿಯುವ ನೀರಿನಲ್ಲಿ ಕೆಲವೇ ನಿಮಿಷ ಇಟ್ಟು, ತಕ್ಷಣ ಐಸಿಗೆ ಹಾಕುವ ಪದ್ಧತಿಯೇ ನನ್ನದೂ. ಒಂದು ಸಲ ಪಾರ್ಸೆಲ್ ದಾರಿಯಲ್ಲೇ ನಿಂತು, ಬಿಸಿಲಿಗೆ ಐಸೆಲ್ಲ ಕರಗಿ ಕೈಗೆ ಬಂತು. ನಲವತ್ತು ಸಾವಿರದ ಹತ್ತಿರ ಹೋಯಿತು. ಕಳಿಸಿದವರು ವಾಪಸ್ ಕೊಡಲಿಲ್ಲ. ಆಮೇಲಿಂದ ಚಿಕ್ಕ ಚಿಕ್ಕ ಬಾಟಲಿಯಲ್ಲಿ, ಚಳಿಗಾಲದಲ್ಲೇ ತರಿಸುತ್ತೇನೆ. ತಯಾರಿಸಿದ ದಿನವೇ ಎಷ್ಟಿದೆ ಅಂತ ಕಿಣ್ವದಿಂದಲೇ ಅಳೆದು ಬರೆದಿಡುತ್ತೇನೆ, ಬಾಟಲಿಯ ಮೇಲಿನ ತೂಕವನ್ನು ನಂಬುವುದಿಲ್ಲ.

ಇಷ್ಟಾದ ಮೇಲೆ ಅಸಲಿ ಪ್ರಯೋಗ. ಮ್ಯುಟೆಂಟನ್ನು 40 ಮೈಕ್ರೋಮೋಲಾರ್‌ನಿಂದ 0.1ರವರೆಗೆ ಇಳಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಅಳೆದೆ. ಅಳೆಯುವ ಪುಟ್ಟ ಡಬ್ಬಿ, ಕ್ಯುವೆಟ್‌ಗೆ ಹೋದ ಮೇಲೆ ಅದು ಇನ್ನಷ್ಟು ಬಿಡಿಯಾಗುತ್ತಾ ಹೋಗುತ್ತದೆ, ಗೆರೆ ಬಾಗುತ್ತದೆ. ಅದಕ್ಕೇ ಮೊದಲ ಅರ್ಧ ನಿಮಿಷದ ಇಳಿಜಾರನ್ನಷ್ಟೇ ತೆಗೆದುಕೊಳ್ಳಬೇಕು. 0.1ರಲ್ಲಿ ಪ್ರತಿ ಮಿಲಿಗ್ರಾಂ ಪ್ರೋಟೀನಿನ ಚಟುವಟಿಕೆ 40ರಲ್ಲಿ ಇದ್ದದ್ದರ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಮಾಮೂಲಿ ಟಿಮ್ ಎಷ್ಟು ಡೈಲ್ಯೂಟ್ ಮಾಡಿದರೂ ಒಂದೇ ಮಟ್ಟ.

"ಟ್ಯೂಬಿಗೆ ಅಂಟ್ಕೊಂಡಿರುತ್ತೆ ಕಣಮ್ಮ, ಅಷ್ಟೇ" ಅಂದರು ನಮ್ಮ ಸರ್.

"ಹಾಗಾದ್ರೆ ಮಾಮೂಲಿ ಟಿಮ್ ಯಾಕೆ ಅಂಟ್ಕೊಳ್ಳಲ್ಲ ಸರ್?"

"ಮ್ಯುಟೆಂಟ್ ಬಿಚ್ಚಿಕೊಂಡಿದೆ, ಅದಕ್ಕೆ ಜಾಸ್ತಿ ಅಂಟುತ್ತೆ."

ಆ ಅನುಮಾನ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ 0.1ರ ದ್ರಾವಣವನ್ನು ಫಿಲ್ಟರ್‌ನಲ್ಲಿ ಮತ್ತೆ ಗಟ್ಟಿ ಮಾಡಿದೆ, ಉಳಿದ ಪ್ರೋಟೀನ್ ಎಷ್ಟು ಅಂತ ಅಳೆದೆ, ಒಂದು ರಾತ್ರಿ ಬಿಟ್ಟು ಅಸ್ಸೇ ಮಾಡಿದೆ. ಚಟುವಟಿಕೆ ಮುಕ್ಕಾಲು ಪಾಲು ವಾಪಸ್ ಬಂತು. ಗೋಡೆಗೆ ಅಂಟಿ ಕಳೆದುಹೋದ ಪ್ರೋಟೀನ್, ಉಳಿದ ಪ್ರೋಟೀನಿನ ಕೆಲಸವನ್ನು ಹೆಚ್ಚಿಸುವುದಿಲ್ಲ, ಅಲ್ವಾ? ಗಾತ್ರ ನೋಡಿ ಪ್ರೋಟೀನ್ ಬೇರ್ಪಡಿಸುವ ಜೆಲ್ ಫಿಲ್ಟ್ರೇಷನ್‌ನಲ್ಲೂ ತೆಳು ದ್ರಾವಣದ ಶಿಖರ ಜೋಡಿಯ ತೂಕದ, 55 ಸಾವಿರ ಡಾಲ್ಟನ್‌ನ, ಜಾಗ ಬಿಟ್ಟು ಒಂಟಿಯ 28 ಸಾವಿರದ ಕಡೆ ಸರಿಯಿತು. ಇಷ್ಟು ತೆಳುವಾದದ್ದನ್ನು ಆ ಹಳೇ ಕಾಲಮ್‌ನಲ್ಲಿ ನೋಡಿದವರು ನಮ್ಮಲ್ಲಿ ಬೇರೆ ಯಾರೂ ಇಲ್ಲ. ಪ್ರೋಟೀನ್ ಅಂಟದಿರಲಿ ಅಂತ ಟ್ಯೂಬಿಗೆ ಏನು ಬಳಿದೆ ಅನ್ನುವುದನ್ನು ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ.

ಮಧ್ಯೆ ಬೇರೆ ಆಟವೂ ಆಡಿದೆ. ಮಾಮೂಲಿ ಟಿಮ್ ಪ್ರೋಟೀನನ್ನು ಬಿಚ್ಚಿಸುವ ಯೂರಿಯಾ 8 ಮೋಲಾರ್ ಇದ್ದರೂ ಜಗ್ಗಲಿಲ್ಲ. ಮ್ಯುಟೆಂಟ್ ಅದರ ಅರ್ಧಕ್ಕೇ ಬಿಚ್ಚಿಕೊಂಡಿತು. ಸಿಸ್ಟೀನ್‌ಗೆ ಅಂಟುವ ಎಂಎಂಟಿಎಸ್ ಹಾಕಿದರೆ ಮಾಮೂಲಿಯದು ನಿಧಾನಕ್ಕೆ ಕುಗ್ಗುತ್ತದೆ, ಮ್ಯುಟೆಂಟ್ ಕೆಲವೇ ನಿಮಿಷಕ್ಕೆ ಸಾಯುತ್ತದೆ. ಹಿಡಿತ ಸಡಿಲವಾಗಿ ಸಿಸ್ಟೀನ್ 13 ಹೊರಗೆ ಬಿದ್ದಿದೆ ಅಂತ ನನ್ನ ಊಹೆ. ಮನುಷ್ಯರ ಟಿಮ್‌ನಲ್ಲಿ ಆ ಜಾಗದಲ್ಲಿ ಮೆಥಿಯೋನಿನ್ ಇದೆ. ನಮ್ಮ ಕಿಣ್ವವನ್ನು ಬಿಟ್ಟು ಪರಾವಲಂಬಿಯದನ್ನಷ್ಟೇ ಕೆಡಿಸುವ ಔಷಧಿ ಹುಡುಕುವವರು ಈ ಗುಳಿಯನ್ನು ಬಿಡಬಾರದು.

ಮೊನ್ನೆ ತೆಳು ದ್ರಾವಣಕ್ಕೆ ಟಿಮ್ ಅನ್ನು ತಡೆಯುವ ಫಾಸ್ಫೋಗ್ಲೈಕೋಲೇಟ್ ಹಾಕಿ ಉಳಿದ ಚಟುವಟಿಕೆಯನ್ನೂ ನಿಲ್ಲಿಸಿ ತೋರಿಸಿದ ಮೇಲೆ, ಅದು ಟಿಮ್‌ನ ಕೆಲಸ ಮಾಡುವ ಗುಳಿಯಿಂದಲೇ ಬರುತ್ತಿದೆ ಅಂತ ಸರ್ ಒಪ್ಪಿದರು. ಲೂಪ್‌ನ ಪಕ್ಕದ ಥ್ರಿಯೋನಿನ್ 75ಕ್ಕೂ ಪ್ರೈಮರ್ ತರಿಸಲು ಸಹಿ ಹಾಕಿದ್ದಾರೆ.