ಎರಡು ತಿಂಗಳು ಕಾಡಿದ ಗಾಳಿ, ಸೋಪಿನ ನೀರಲ್ಲಿ ಸಿಕ್ತು

ನಮ್ಮ ಕಾರಿನ ಹಿಂದಿನ ಎಡಗಡೆ ಟೈರಿನ ಗಾಳಿ ವಾರಕ್ಕೊಂದ್ಸಲ 33 ಪಿಎಸ್‌ಐ (ಗಾಳಿಯ ಪ್ರೆಶರ್ ಅಳತೆ) ಇಂದ 24ಕ್ಕೆ ಇಳೀತಿತ್ತು. ಪುಣೆಯ ಕಾತ್ರಜ್ ಹತ್ರ ಪಂಕ್ಚರ್ ಅಂಗಡಿಯವನು ಟೈರಿನ ಮೈಯೆಲ್ಲ ತಡವಿ "ಪಂಕ್ಚರ್ ನಾಹೀ" ಅಂದ, ಇನ್ನೊಬ್ಬ ಹೊಸ ಟೈರೇ ಹಾಕ್ಸಿ ಅಂದ (ಅವನಿಗೇನು, ದುಡ್ಡು ನಂದು). ನಮ್ಮನೆಯವಳು ಧಾರವಾಡದವಳು, "ರೀ, ಊರಿಗೆ ಹೋಗೂದ್ರಾಗ ಇದನ್ನ ಸರಿ ಮಾಡಸ್ರಿ" ಅಂತ ದಿನಾ ಒಂದೇ ವರಾತ.

ಭಾನುವಾರ ಪಾತ್ರೆ ತೊಳೆಯೋ ಸೋಪನ್ನ ನೀರಲ್ಲಿ ಕಲಸಿ ಗಾಳಿ ತುಂಬೋ ವಾಲ್ವ್ ಮೇಲೆ ಹಾಕ್ದೆ, ಏನೂ ಇಲ್ಲ, ಸುಮ್ನೆ ಬೆರಳಲ್ಲಿ ವಾಲ್ವ್ ಸ್ವಲ್ಪ ಬಗ್ಗಿಸಿದ್ರೆ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಸಾಲಾಗಿ ಬಂತು! ರಬ್ಬರ್ ಒಣಗಿ ಸೀಳಿತ್ತು. ಟೈರ್ ಬಿಚ್ಚಿಸಿ ವಾಲ್ವ್ ಬದಲಾಯಿಸಿದ್ದಷ್ಟೇ, ಮೂರು ವಾರ ಆಯ್ತು 33 ಹಂಗೇ ಇದೆ.

ಇನ್ನೊಂದು, ನಾನು ಮೊದ್ಲು ಘಾಟ್ ಇಳಿದು ಬಿಸಿ ಟೈರಿಗೇ ಗಾಳಿ ಚೆಕ್ ಮಾಡ್ತಿದ್ದೆ, ಬಿಸಿಗೆ ಪ್ರೆಶರ್ ಜಾಸ್ತಿ ತೋರ್ಸತ್ತೆ, ಅದನ್ನ ನೋಡಿ ಗಾಳಿ ಬಿಟ್ರೆ ಆಮೇಲೆ ಕಮ್ಮಿ ಆಗತ್ತೆ. ಈಗ ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆನೇ ನೋಡ್ತೀನಿ, ಡ್ರೈವರ್ ಬಾಗಿಲ ಹತ್ರ ಅಂಟಿಸಿರೋ ಸ್ಟಿಕರ್ ಪ್ರಕಾರ. ಸ್ಟೆಪ್ನಿದೂ ನೋಡ್ದೆ, 12 ಇತ್ತು.